ಹುಲ್ಲಿಗೆ ಬಿಟ್ಟ ಅರ್ಧ

ಹಲೋ… ಯಾರು ಸಾ ಮಾತಾಡ್ತಿರೋದು? ರೇಂಜರ್ ಸಾಹೇಬ್ರಾ?… ನಾನು ಸಾ, ವಾಚರ್ ಬಸವಣ್ಣ. ಹೆಡತಲೆ ಹಾಲಿನ ಡೈರಿಯಿಂದ.

…

ಇಲ್ಲ ಸಾ, ಒಂದು ಸಸಿನೂ ನೆಟ್ಟಿಲ್ಲ. ಲಾರಿ ಗೋಮಾಳದಲ್ಲೇ ನಿಂತೈತೆ. ನೀಲಗಿರಿ ನೋಡಿದ್ದೇ ತಡ, ಎಂಗಸ್ರೆಲ್ಲ ಸಸಿ ಗುಂಡಿಯೊಳಗೆ ಇಳ್ದು ಕೂತ್ಬುಟ್ರು.

…

ನಾನಾ? ಡೈರಿ ರೂಮ್ನಲ್ಲಿ ಸಾ. ಬಾಗ್ಲು ಆಕೈತೆ. ಬೆಳಗ್ಗೆಯಿಂದ.

…

ಹಾಂ?… ಕೂಡಾಕವ್ರೆ ಅಂತಲ್ಲ… ಹಾಂ, ಆಚೆ ಜನ ಅವ್ರೆ. ಓಗಕ್ಕಾಯ್ತಿಲ್ಲ ಸಾ.

…

ಇಲ್ಲ, ಯಾರೂ ಮೈ ಮುಟ್ಟಿಲ್ಲ. ಬಯ್ದೂ ಇಲ್ಲ. ಬಯ್ದಿದ್ರೆ ವಾಸಿಯಾಗಿತ್ತು. ಕಿಟಕೀಲಿ ಮುದ್ದೆ, ಉಪ್ಸಾರು ಕೊಟ್ರು. ಉಣ್ಣು ಬಸವಣ್ಣ, ಮಾತು ಕೊಟ್ಟೋನು ಉಪವಾಸ ಇರಬಾರ್ದು ಅಂದ್ರು.

…

ಯಾವ ಮಾತು ಅಂದ್ರೆ… ನೀವೇ ಯೋಳಿದ್ರಲ್ವಾ ಸಾ, ಜನ ಏನು ಕೇಳ್ತಾರೋ ಬರ್ಕೊಂಡು ಬಾ ಅಂತ? ಕೇಳ್ದೆ. ಗೋಮಾಳದಲ್ಲಿ ಅರ್ಧ ಹುಲ್ಲಿಗೇ ಬಿಡಿ, ದನ ಮೇಯ್ಬೇಕು ಅಂದ್ರು. ಕೆರೆ ಇಂದ್ಗಡೆ ಜವುಗಲ್ಲಿ ಗುಂಡಿನೇ ತೋಡ್ಬೇಡಿ, ಉಳಿದದ್ದಕ್ಕೆ ಹೊಂಗೆ, ಹುಣಸೆ, ಬೇವು ಆಕಿ ಅಂದ್ರು. ಆಗ್ಲಿ ಅಂದೆ. ಮಾದಪ್ಪನ ಮೇಲೆ ಆಣೆ ಮಾಡ್ಬುಟ್ಟೆ ಸಾ. ಗುಂಡಿ ತೋಡ್ದೋರೂ ಅವ್ರೇಯ, ಹೊಂಗೆ ಬತ್ತದೆ ಅಂತ.

…

ಹೌದು ಸಾ. ಆಣೆ ಮಾಡಕ್ಕೆ ನಾನ್ಯಾರು. ತಪ್ಪಾಯ್ತು ಸಾ.

…

ಕೂತೋರ ಎಸರಾ?… ಎಸರು ಯಾಕೆ ಸಾ?… ಮುಂದಾಳು ಅಂತ ಯಾರೂ ಇಲ್ಲ…

…

ನನ್ ಕೆಲ್ಸ ಓಯ್ತದಾ? ಸಾ, ಈಗ ತಾನೆ ಕಾಯಂ ಆಗೈತೆ ಸಾ…

…

ಮುದ್ದಮ್ಮ. ಮೊದಲ್ನೇ ಗುಂಡೀಲಿ ಕೂತೋಳು. ಎದ್ದು ಬಂದು ಮುದ್ದೆ ಕೊಟ್ಟೋಳೂ ಅವಳೇಯ.

…

ಏನಂದ್ರಿ? ಸರ್ಕಾರಿ ನೌಕರನ್ನ ಕೂಡಾಕಿದ್ದು ಅವಳೇ ಅಂತ ಬರ್ಕೊತೀರಾ?… ಪೊಲೀಸ್ ವ್ಯಾನು ಒಂಟಾಯ್ತಾ?… ಬ್ಯಾಡಿ ಸಾ. ಒಂದ್ನಿಮಿಷ ಕೇಳಿ. ಆಚೆ ಬೀಗ ಇಲ್ಲ. ಚಿಲ್ಕ ಒಳ್ಗಡೆ ಐತೆ. ಆಕ್ಕೊಂಡೋನು ನಾನೇಯ. ಲಾರೀಲಿ ನೀಲಗಿರಿ ಕಂಡು ಅವ್ರ ಮುಂದೆ ನಿಲ್ಲಕ್ಕೆ ನಂಗೆ ಮುಖ ಇರ್ಲಿಲ್ಲ ಸಾ. ನಾಚ್ಕೆ ಆಯ್ತು, ಓಡ್ಬಂದೆ.

…

ಹಲೋ?… ಸಾ, ಕೇಳಿಸ್ತಾ?… ಮುದ್ದಮ್ಮ ಏನೂ ಮಾಡಿಲ್ಲ, ಚಿಲ್ಕ ಒಳ್ಗಡೆ… ಹಲೋ…

…

ಇರು ಮುದ್ದಮ್ಮ, ತಟ್ಟೆ ಕೊಡ್ತೀನಿ… ಹಲೋ, ಸಾ?…