ಎಮ್ಮೆ ಮನೆಗೆ ಬಂದ ಜೋಡಿಹಕ್ಕಿ

ಹಿಂದಿರೋರು ಮುಂದೆ ಬನ್ನಿ, ಮುಂದಿರೋರು ಸ್ವಲ್ಪ ಸರೀರಿ. ಹೂಂಗುಟ್ಟೋರು ಇದ್ದರೆ ಕತೆ ಹೇಳ್ತೀನಿ, ಇಲ್ಲದಿದ್ದರೆ ಕಂಬಳಿ ಹೊದ್ದು ಮಲಗ್ತೀನಿ. ಹಾಂ, ಹಂಗೆ. ಒಂದಾನೊಂದು ಕಾಲ, ಒಂದಾನೊಂದು ಊರು. ಯಾವ ಊರು ಅಂತ ಕೇಳಬೇಡಿ, ನನಗೆ ಹೇಳಿದ ಅಜ್ಜಿಗೇ ಗೊತ್ತಿರಲಿಲ್ಲ. ಆ ಊರಲ್ಲಿ ಮನುಷ್ಯರಿಗಿಂತ ಎಮ್ಮೆ ಹೆಚ್ಚು. ಎದ್ದರೆ ಎಮ್ಮೆ, ಕೂತರೆ ಎಮ್ಮೆ, ಕನಸಲ್ಲೂ ಎಮ್ಮೆ.

ಅಲ್ಲಿ ದ್ಯಾವಣ್ಣ ಅಂತ ಒಬ್ಬ. ಹೆಂಡತಿ ತೀರಿಹೋಗಿದ್ದಳು, ಚೆಲುವಿ ಅಂತ ಒಬ್ಬಳೇ ಮಗಳು. ಮಗು ನೋಡಿಕೊಳ್ಳೋಕೆ ಒಂದು ಜೀವ ಬೇಕು ಅಂತ ನೆಂಟರೆಲ್ಲ ಸೇರಿ ಅವನಿಗೆ ಇನ್ನೊಂದು ಮದುವೆ ಮಾಡಿದರು. ಬಂದವಳು ಮಾರಕ್ಕ. ಒಳ್ಳೇ ಹೆಂಗಸು. ಎಂಥಾ ಒದೆಯೋ ಎಮ್ಮೆಯೂ ಅವಳ ಕೈಗೆ ಸಿಕ್ಕರೆ ತೆಪ್ಪಗೆ ನಿಂತು ಹಾಲು ಕೊಡೋದು. ಆದರೆ ಚೆಲುವಿ? ಚೆಲುವಿ ಅವಳನ್ನ ಅವ್ವ ಅನ್ನಲಿಲ್ಲ, ಚಿಕ್ಕವ್ವ ಅನ್ನಲಿಲ್ಲ, ಏ ಅಂತಲೂ ಅನ್ನಲಿಲ್ಲ. ಏನಾದರೂ ಬೇಕಾದರೆ ನಡುಮನೆ ಕಂಬಕ್ಕೆ ಹೇಳೋಳು.

"ಕಂಬಾ ಕಂಬಾ, ನಂಗೆ ಹೊಟ್ಟೆ ಹಸೀತೈತೆ."

ಮಾರಕ್ಕ ಮುದ್ದೆ ತಂದು ಕಂಬದ ಬುಡದಲ್ಲಿ ಇಡೋಳು. ಮಗು ಉಣ್ಣೋದು. ಇವಳು ಒಳಗೆ ಹೋಗಿ ಸೆರಗಲ್ಲಿ ಕಣ್ಣೊರೆಸಿಕೊಳ್ಳೋಳು. ಕಂಬಕ್ಕಿರೋ ಭಾಗ್ಯ ತನಗಿಲ್ಲವಲ್ಲ ಅಂತ.

ಒಂದು ಸಂತೆ ದಿನ ದೂರದ ಸೀಮೆಯವನೊಬ್ಬ ಹಕ್ಕಿ ಮಾರೋಕೆ ಬಂದ. ಪಂಜರದಲ್ಲಿ ಎರಡು ಹಕ್ಕಿ. ಹಸಿರು ಮೈ, ಕೆಂಪು ಮೋರೆ. ಈಗ ಪೇಟೆಯೋರು ಲವ್ ಬರ್ಡ್ಸ್ ಅಂತಾರಲ್ಲ, ಅವೇ. ಆಗಿನೋರು ಜೋಡಿಹಕ್ಕಿ ಅಂದರು. ಒಂದಕ್ಕೊಂದು ಅಂಟಿಕೊಂಡೇ ಕೂತಿದ್ದವು. ಮಗುವಿಗೆ ಖುಷಿಯಾದೀತು ಅಂತ ಮಾರಕ್ಕ ಒಂದು ಗಡಿಗೆ ತುಪ್ಪ ಕೊಟ್ಟು ತಗೊಂಡಳು. "ನವಣೆ ಹಾಕವ್ವ, ನೀರಿಡವ್ವ" ಅಂದ ಹಕ್ಕಿಯವನು ತುಪ್ಪ ಹೊತ್ತು ನಡೆದೇಬಿಟ್ಟ. ಪಳಗಿಸೋದು ಹೆಂಗೆ ಅಂತ ಇವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಹಕ್ಕಿ ನೋಡಿ ಚೆಲುವಿಯ ಕಣ್ಣು ಅರಳಿತು. ಓಡಿ ಹೋಗಿ ಕಂಬ ತಬ್ಬಿಕೊಂಡಳು.

"ಕಂಬಾ ಕಂಬಾ, ಈ ಹಕ್ಕಿ ಯಾರ ಕೈ ಮೇಲೆ ಕೂತ್ಕೊಳ್ತಾವೋ, ಅವರನ್ನ ನಾನು ಅವ್ವ ಅಂತೀನಿ."

ಮಾರಕ್ಕ ಕೇಳಿಸಿಕೊಂಡಳು. ಇಷ್ಟೇ ತಾನೆ ಅಂದುಕೊಂಡಳು. ಎಮ್ಮೆ ಪಳಗಿಸಿದೋಳಿಗೆ ಹಕ್ಕಿ ಯಾವ ಲೆಕ್ಕ?

ಈಗ ಕೇಳಿ. ಆ ಊರಲ್ಲಿ ಹೊಸ ಎಮ್ಮೆ ಬಂದರೆ ಒಂದು ಪದ್ಧತಿ. ಬೀದಿಯೋರೆಲ್ಲ ಬಂದು ಆರತಿ ಎತ್ತಬೇಕು, ಬೆನ್ನು ತಟ್ಟಬೇಕು. ಆಗ ಎಮ್ಮೆಗೆ ಊರೆಲ್ಲ ತನ್ನದೇ ಅನ್ನಿಸ್ತದಂತೆ. ಮಾರಕ್ಕ ಹಕ್ಕಿಗೂ ಹಂಗೇ ಮಾಡಿದಳು. ಬೀದಿಗೆ ಬೀದಿಯೇ ಬಂತು. ಒಬ್ಬ ಇಣುಕಿದ, ಒಬ್ಬ ಸಿಳ್ಳೆ ಹೊಡೆದ, ಒಬ್ಬಳು ಪಂಜರದೊಳಗೆ ಬೆರಳು ತೂರಿಸಿ ಕುಂಕುಮ ಹಚ್ಚೋಕೆ ಹೋದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹಕ್ಕಿಗಳು ಮೂಲೆಗೆ ಒತ್ತಿಕೊಂಡು ಕೂತವು, ಅಲ್ಲಾಡಲೇ ಇಲ್ಲ. ಇಷ್ಟು ಮರ್ಯಾದೆ ಮಾಡಿದರೂ ಯಾಕೆ ಹಿಂಗೆ? ಮಾರಕ್ಕನಿಗೆ ತಿಳೀಲಿಲ್ಲ.

"ಚಿಂತೆ ಮಾಡಬೇಡ ಕಣೆ," ಅಂದಳು ಆಚೆಮನೆ ಈರಜ್ಜಿ. "ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಹೊಟ್ಟೆ ಕಾಯಿಸು. ಹಸಿದ ಎಮ್ಮೆ ಕೈ ನೆಕ್ಕುತ್ತೆ."

ಸರಿ, ಎರಡನೇ ಪದ್ಧತಿ. ನವಣೆ ಬಟ್ಟಲು ಆಚೆ ತೆಗೆದಳು. ಅಂಗೈ ಮೇಲೆ ಹಿಂಡಿ, ಉಪ್ಪು, ಬೆಲ್ಲ ಇಟ್ಟು ಪಂಜರದೊಳಗೆ ಕೈ ಚಾಚಿದಳು. ಹಕ್ಕಿ ಬಂತು. ಬಂದು ಏನು ಮಾಡ್ತು? ಬೆರಳನ್ನ ಕಟುಂ ಅಂತ ಕಚ್ಚಿತು. ರಕ್ತ ಬಂತು. ಒಂದು ಕಾಳು ಉಪ್ಪನ್ನೂ ಮುಟ್ಟಲಿಲ್ಲ.

"ಉಪ್ಪು ಬೇಡ ಅನ್ನೋ ಜೀವ ಭೂಮಿ ಮೇಲೆ ಐತಾ?" ಅಂದಳು ಗಂಡನಿಗೆ.

ದ್ಯಾವಣ್ಣ ಪಂಜರ ನೋಡಿದ, ಅವಳ ಬೆರಳು ನೋಡಿದ, ತಲೆ ಕೆರೆದುಕೊಂಡ. "ನನ್ನೇನು ಕೇಳ್ತೀಯೆ, ಕೊಂಬಿಲ್ಲದ್ದರ ಬುದ್ಧಿ ನಂಗೆ ತಿಳಿಯಾಕಿಲ್ಲ," ಅಂದ.

ಉಳಿದದ್ದು ಮೂರನೇದು. ಎಲ್ಲಕ್ಕಿಂತ ದೊಡ್ಡದು. ಎಮ್ಮೆಯ ಕತ್ತು ತಬ್ಬಿ ಹಿಡಿದು ಕಿವಿಯಲ್ಲಿ ಮೂರು ಸಲ ಹೆಸರು ಕೂಗಬೇಕು. ಹೆಸರು ಕಿವಿಗೆ ಬಿದ್ದ ಎಮ್ಮೆ ಮನೆ ಬಿಟ್ಟು ಹೋಗಲ್ಲ. ಮಾರಕ್ಕ ಒಂದು ಹಕ್ಕಿಯನ್ನ ಮುಷ್ಟಿಯಲ್ಲಿ ಹಿಡಿದಳು. ಅದು ಚೀರಿತು. ಪಂಜರದಲ್ಲಿದ್ದದ್ದು ಅದಕ್ಕಿಂತ ಜೋರಾಗಿ ಚೀರಿತು. ಇವಳು ಬಾಯಿ ಹತ್ತಿರ ತಂದಳು, ನಿಂತಳು. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು.

"ಏನಂದ್ರೆ, ಇದರ ಕಿವಿ ಎಲ್ಲೈತೆ?"

ದ್ಯಾವಣ್ಣ ಬಂದು ಹುಡುಕಿದ. ಈರಜ್ಜಿ ಬಂದು ಹುಡುಕಿದಳು. ಕಿವಿಯಿಲ್ಲದ ಪ್ರಾಣಿಗೆ ಹೆಸರು ಹೇಳೋದು ಹೆಂಗೆ? ನಗಬೇಡಿ. ಪುಕ್ಕದ ಕೆಳಗೆ ಇರ್ತದೆ ಅಂತ ನಿಮಗೆ ಗೊತ್ತು, ಅವರಿಗೇನು ಗೊತ್ತು?

ಅಷ್ಟರಲ್ಲಿ ಕಂಬದ ಹತ್ತಿರದಿಂದ ಅಳೋ ಸದ್ದು.

"ಕಂಬಾ ಕಂಬಾ, ಹಕ್ಕಿ ನಡುಗ್ತೈತೆ. ಗೊತ್ತಿಲ್ಲದ ಮನೆಗೆ ಬಂದ್ರೆ ಯಾರಿಗಾದ್ರೂ ಹೆದರಿಕೆ ಆಗಲ್ವಾ?"

ಮಾರಕ್ಕನ ಕೈ ಸಡಿಲವಾಯಿತು. ಹಕ್ಕಿಯನ್ನ ಮೆಲ್ಲಗೆ ಒಳಗೆ ಬಿಟ್ಟಳು. ಅವಳಿಗೆ ತಾನು ಈ ಮನೆಗೆ ಬಂದ ದಿನ ನೆನಪಾಯಿತು. ಅವತ್ತೂ ಬೀದಿಯೆಲ್ಲ ಬಂದು ಇಣುಕಿತ್ತು. ಗದ್ದ ಹಿಡಿದು ಮುಖ ಎತ್ತಿ ನೋಡಿದ್ದರು, ಬೇಡ ಅಂದರೂ ಬಾಯಿಗೆ ಸಿಹಿ ತುರುಕಿದ್ದರು. ಅವಳೂ ನಡುಗಿದ್ದಳು. ಎಲ್ಲರೂ ಎದ್ದು ಹೋಗಿ ಒಬ್ಬಳೇ ಮಜ್ಜಿಗೆ ಕಡೆಯೋಕೆ ಕೂತಾಗಲೇ ಉಸಿರು ಬಂದದ್ದು.

ಅವಳು ಪಂಜರವನ್ನ ಕಡಗೋಲಿನ ಪಕ್ಕ ಗೋಡೆಗೆ ಒತ್ತರಿಸಿ ಇಟ್ಟಳು. ನವಣೆ ತುಂಬಿದಳು, ನೀರಿಟ್ಟಳು, ಬಾಗಿಲು ತೆರೆದಳು. "ನನ್ನ ಕೈಲಾಗಲಿಲ್ಲ ಕಣ್ರವ್ವ. ಇರೋದಾದ್ರೆ ಇರಿ, ಹೋಗೋದಾದ್ರೆ ಹೋಗಿ," ಅಂದು ಬೆನ್ನು ತಿರುಗಿಸಿ ಕೂತು ಮಜ್ಜಿಗೆ ಕಡೆದಳು. ಅವ್ವ ಅನ್ನಿಸಿಕೊಳ್ಳೋ ಆಸೆಯನ್ನೂ ಅವತ್ತೇ ಬಿಟ್ಟಳು. ಬಿಟ್ಟಳೋ ಇಲ್ಲವೋ, ಬಿಟ್ಟೆ ಅಂತ ಅಂದುಕೊಂಡಳು.

ಹಕ್ಕಿ ಹೋಗಲಿಲ್ಲ. ಬಾಗಿಲು ತೆರೆದರೂ ಯಾಕೆ ಹೋಗಲಿಲ್ಲ? ಅದೂ ತಿಳೀಲಿಲ್ಲ. ಇವಳು ತಿರುಗಿ ನೋಡಲಿಲ್ಲ, ಕರೆಯಲಿಲ್ಲ. ದಿನಾ ಅದೇ ಹೊತ್ತಿಗೆ ಕಡಗೋಲಿನ ಸದ್ದು, ಸರ್ ಬುರ್, ಸರ್ ಬುರ್. ಮೊದಲು ಹಕ್ಕಿಗಳು ನವಣೆ ತಿಂದವು. ಆಮೇಲೆ ಕಡಗೋಲಿನ ಸದ್ದಿಗೆ ಕಿಚಿಪಿಚಿ ಅಂದವು. ಆಮೇಲೆ ಪಂಜರದ ಬಾಗಿಲಿಗೆ ಬಂದು ಕೂತವು. ಹಕ್ಕಿ ನೋಡೋಕೆ ಚೆಲುವಿಯೂ ಕಂಬ ಬಿಟ್ಟು ಒಂದು ಮೊಳ ಮುಂದೆ ಬಂದಳು. ಆಮೇಲೆ ಒಂದು ಮಾರು. ಆಮೇಲೆ ಮಾರಕ್ಕನ ಬೆನ್ನ ಹಿಂದೆಯೇ ಕೂತು, ಕಾಲು ನೋವು ಬಂದಾಗ ಆ ಬೆನ್ನಿಗೇ ಒರಗಿದಳು. ಮಾರಕ್ಕ ಉಸಿರು ಬಿಗಿಹಿಡಿದು ಕಡೆದಳು, ಏನೂ ಆಗದೋಳ ಹಂಗೆ.

ಒಂದು ದಿನ ಹಕ್ಕಿ ಭುರ್ ಅಂತ ಹಾರಿ ಮಾರಕ್ಕನ ಹೆಗಲ ಮೇಲೆ ಕೂತಿತು. ಜೋಡಿ ಬಿಡ್ತದಾ? ಅದೂ ಬಂದು ತುರುಬಿನ ಮೇಲೆ ಕೂತು ಕೂದಲು ಎಳೆಯಿತು.

"ಅವ್ವಾ, ಅಳ್ಳಾಡಬೇಡ," ಅಂತ ಬೆನ್ನ ಹಿಂದಿಂದ ಪಿಸುಮಾತು.

ಮಾರಕ್ಕ ಗಕ್ಕನೆ ತಿರುಗಿದಳು. ಎರಡೂ ಹಕ್ಕಿ ಹಾರಿ ಪಂಜರ ಸೇರಿದವು. ಚೆಲುವಿಗೆ ಸಿಟ್ಟು ಬಂತು. ಬೆನ್ನಿಗೆ ರಪ್ಪನೆ ಒಂದು ಹೊಡೆದಳು.

"ಅಳ್ಳಾಡಬೇಡ ಅಂದ್ನಲ್ಲ. ನೋಡೀಗ, ಓಡಿಸಿಬಿಟ್ಟೆ."

"ಅಲ್ಲ ಮಗಾ, ಅದಕ್ಕೂ ಮುಂಚೆ ಏನಂದೆ?"

"ಏನೂ ಅನ್ನಲಿಲ್ಲ. ಅಳ್ಳಾಡಬೇಡ ಅಂದೆ, ಅಷ್ಟೇ."

ಮಗು ಸುಳ್ಳು ಹೇಳ್ತಿರಲಿಲ್ಲ. ಅಂದದ್ದು ಅದಕ್ಕೇ ಗೊತ್ತಿರಲಿಲ್ಲ. ಮಾರಕ್ಕ ಬಾಗಿಲ ಕಡೆ ನೋಡಿದಳು. ಹಾಲಿನ ಚೊಂಬು ಹಿಡಿದು ನಿಂತಿದ್ದ ದ್ಯಾವಣ್ಣ ಕಣ್ಣು ಒರೆಸಿಕೊಳ್ತಿದ್ದ. ಹಂಗಾದರೆ ಕೇಳಿದ್ದು ನಿಜ.

ಈಗ ಹೇಳಿ, ಹಕ್ಕಿ ಕೈ ಮೇಲೆ ಕೂತಿಲ್ಲ, ಶರತ್ತು ಗೆದ್ದಂಗೋ, ಸೋತಂಗೋ? ನನಗೆ ಕತೆ ಹೇಳಿದ ಅಜ್ಜಿಯನ್ನ ಕೇಳಿದರೆ ನೀನೇ ಹೇಳು ಅಂದಳು. ಮಾರಕ್ಕ ಮಾತ್ರ ಏನೂ ಕೇಳಲಿಲ್ಲ. ಮತ್ತೆ ಬೆನ್ನು ತಿರುಗಿಸಿ ಕೂತಳು, ಕಡಗೋಲಿನ ಹಗ್ಗ ಹಿಡಿದಳು. ಬೆನ್ನಿಗೆ ಮಗು ಒರಗಿತು. ಹಕ್ಕಿ ಮತ್ತೆ ಬರಲಿ ಅಂತ ಕಾದಳೋ, ಆ ಮಾತು ಮತ್ತೆ ಬರಲಿ ಅಂತ ಕಾದಳೋ, ನಾನರಿಯೆ.

ಅಲ್ಲಿ ಅವರ ಗಡಿಗೆಯಲ್ಲಿ ಬೆಣ್ಣೆ ತೇಲಿತು, ಇಲ್ಲಿ ನನ್ನ ಗಂಟಲು ಒಣಗಿತು. ಕೇಳಿದೋರ ಮನೆಯ ಹಾಲು ಒಡೆಯದಿರಲಿ. ಏಳಿ, ಒಂದು ಲೋಟ ಮಜ್ಜಿಗೆ ತನ್ನಿ.