ಹಾಡು ಮುಗಿಯೋವರೆಗೂ ಮುಚ್ಚಳ ಮುಚ್ಚಬೇಡಿ

ಎಲ್ಲರಿಗೂ ನಮಸ್ಕಾರ. ಧನಲಕ್ಷ್ಮಮ್ಮನವರೇ, ಮಗಳು ಮೋನಿಷಾ, ಕೆ.ಆರ್. ಪುರದಿಂದ ಬಂದಿರುವ ಬಂಧುಗಳೇ, ಜೋಗುಪಾಳ್ಯದ ನಮ್ಮ ಬೀದಿಯವರೇ — ಹಿಂದೆ ನಿಂತಿರೋರು ಕ್ಷಮಿಸಬೇಕು, ಕುರ್ಚಿ ಸಾಲಲಿಲ್ಲ. ಮುನಿಆಂಜನಪ್ಪನವರನ್ನ ಹುಡುಕಿಕೊಂಡು ಇಷ್ಟು ಜನ ಒಟ್ಟಿಗೆ ಬರ್ತಾರೆ ಅನ್ನೋ ಅಂದಾಜು ನಮ್ಮ ಕಂಪನಿಗೆ ಯಾವತ್ತೂ ಇರಲಿಲ್ಲ.

ನಾನು ಸೂರ್ಯ. ಅವರ ಪಾಲುದಾರ. ಮುಚ್ಚಳ ತೆಗೆದ್ರೆ ಹಾಡೋ ಪೆಟ್ಟಿಗೆ, ಹಾಡೋ ಫೋಟೋ ಫ್ರೇಮು ಮಾಡೋದು ಅವರ ಪಾಲು. ಅದನ್ನ ಮಾರೋಕೆ ಬಿಸಿಲಲ್ಲಿ ಅಲೆಯೋದು ನನ್ನ ಪಾಲು.

ಮೊದಲು ಈಗಷ್ಟೇ ಆಯ್ತಲ್ಲ — ಅದರ ಬಗ್ಗೆ. ಆಂಜನಪ್ಪನವರ ಪಟದ ಮೇಲಿನ ಬಟ್ಟೆ ತೆಗೆದ ತಕ್ಷಣ ಹುಟ್ಟುಹಬ್ಬದ ಟ್ಯೂನ್ ಶುರುವಾಯ್ತು. ನೀವೆಲ್ಲಾ ಬೆಚ್ಚಿಬಿದ್ರಿ. ಯಾರೂ ತಮಾಷೆ ಮಾಡಿದ್ದಲ್ಲ. ಫ್ರೇಮು ಹಾಕು ಅಂತ ನಮ್ಮ ವರ್ಕ್‌ಶಾಪಿನ ರುಕ್ಸಾರ್‌ಗೆ ಹೇಳಿದ್ವಿ. ಆ ಹುಡುಗಿ ಅಳ್ತಾ ಅಳ್ತಾ, ಕೈ ಅಭ್ಯಾಸದಲ್ಲಿ, ನಮ್ಮದೇ ಫ್ರೇಮು ಹಾಕಿಬಿಟ್ಟಳು. ಅದರೊಳಗೆ ಚಿಪ್ ಇದೆ. ಬೆಳಕು ಬಿದ್ರೆ ಒಂದು ಸಲ ಹಾಡುತ್ತೆ, ಮುಚ್ಚಿದ್ರೆ ಸುಮ್ಮನಾಗುತ್ತೆ. ನೀವು ಹೂವು ಹಾಕೋಕೆ ಬಗ್ಗಿದಾಗ ನೆರಳು, ಎದ್ದಾಗ ಬೆಳಕು — ಪ್ರತಿಯೊಬ್ಬರಿಗೂ ಒಂದೊಂದು ಹುಟ್ಟುಹಬ್ಬ! ಶಿವಾಜಿನಗರದಲ್ಲಿ ನಮ್ಮ ಮಾಲು ಮಾರೋ ಬಷೀರ್ ಭಾಯ್ ಓಡಿಬಂದು ಕೈ ಅಡ್ಡ ಹಿಡಿದ್ರು. "ಅರೆ ಸೂರ್ಯ, ಇದರ ಸೆಲ್ ಎಲ್ಲಿ ಐತೆ, ಕಿತ್ತಾಕು!" ಅಂದ್ರು. ಆಗ ಧನಲಕ್ಷ್ಮಮ್ಮ ಕೂತಲ್ಲಿಂದಲೇ ಹೇಳಿದ್ದು ಒಂದೇ ಮಾತು. "ಕೈ ತೆಗೀರಿ ಭಾಯ್. ಮುಗೀಲಿ."

ಆ ಮಾತು ಅವರದ್ದಲ್ಲ, ಅವರ ಯಜಮಾನರದ್ದು ಅಂತ ನನಗೆ ಗೊತ್ತು.

ಆಂಜನಪ್ಪನವರ ಅಣ್ಣತಮ್ಮಂದಿರು ಹೊಲ ಇದ್ದ ಜಾಗದಲ್ಲಿ ಪಿ.ಜಿ. ಹಾಸ್ಟೆಲ್ ಕಟ್ಟಿದ್ರು, ಇವರು ಜೋಗುಪಾಳ್ಯದ ಗಲ್ಲಿಗೆ ಬಂದು ಪೆಟ್ಟಿಗೆ ಕಟ್ಟಿದ್ರು. ಬಾಡಿಗೆ ಎಣಿಸೋ ಬದಲು ಬಾಡಿಗೆ ಕೊಡೋ ಬುದ್ಧಿ! ಹೋಗಲಿ. ಬೇರೆ ಕಂಪನಿಯವರು ಪೆಟ್ಟಿಗೆ ಟೆಸ್ಟ್ ಮಾಡೋದು ಹೇಗೆ? ತೆಗಿ — ಟಿಂಗ್ ಅಂತು — ಮುಚ್ಚು — ಮುಂದಿಂದು. ಇವರು? ಮುಚ್ಚಳ ತೆಗೆದು, ಕೈ ಕಟ್ಟಿ ಕೂರೋರು. ಟ್ಯೂನ್ ಪೂರ್ತಿ ಮುಗಿಯೋವರೆಗೂ. ಒಂದೊಂದು ಪೆಟ್ಟಿಗೆಗೂ! ನಾನು ಬಾಗಿಲಲ್ಲಿ ಟೆಂಪೋ ನಿಲ್ಲಿಸಿಕೊಂಡು ಒದ್ದಾಡ್ತಿದ್ದೆ. "ಆಂಜನಪ್ಪನವರೇ, ನಿಮಗೆ ತಾಳ್ಮೆ ಇದೆ, ಟೆಂಪೋದವನಿಗೆ ತಾಳ ತಪ್ತಾ ಇದೆ!" ಅಂದ್ರೆ — "ಇರು ಗುರು. ಹಾಡೋಕೆ ಶುರು ಮಾಡಿದವರ ಬಾಯಿ ಮುಚ್ಚಿಸ್ತಾರಾ ಯಾರಾದ್ರೂ?"

ರಿಪೇರಿಗೂ ಅದೇ ರೂಲು. ಕುಕ್ ಟೌನಿನ ಒಬ್ಬ ಹಿರಿಯರು — ಇಲ್ಲೇ ಮೂರನೇ ಸಾಲಲ್ಲಿದ್ದಾರೆ, ತಲೆ ತಗ್ಗಿಸಬೇಡಿ ಸಾರ್ — ಹೆಂಡತಿಯ ಪೆಟ್ಟಿಗೆ ತಂದಿದ್ರು. "ಸೆಲ್ ಹಾಕಿ ಕೊಟ್ಬಿಡ್ರೀ, ಕಾರು ಅಡ್ಡ ನಿಲ್ಸಿದೀನಿ." ಇವರು ಸೆಲ್ ಹಾಕಿದ್ರು, ಸ್ಟೂಲ್ ತೋರಿಸಿದ್ರು. "ಕೂತ್ಕೊಳ್ಳಿ. ಪೂರ್ತಿ ಕೇಳಿ ತಗೊಂಡೋಗಿ." ಒಳಗೆ ಟ್ಯೂನ್ ಮುಗಿಯೋದಕ್ಕೂ ಹೊರಗೆ ಟೋಯಿಂಗ್‌ನವರು ಕಾರು ಎತ್ತೋದಕ್ಕೂ ಸರಿಹೋಯ್ತು. ಮುಂದಿನ ಸಲ ಅವರು ಆಟೋದಲ್ಲಿ ಬಂದ್ರು. ಆದರೆ ಬಂದ್ರು — ಅದನ್ನ ಗಮನಿಸಿ.

ಆಮೇಲೆ ಕಾಲ ಬದಲಾಯ್ತು. ನಮ್ಮ ಪೆಟ್ಟಿಗೆಗೆ ಜೀವ ಕೊಟ್ಟಿದ್ದೂ ಸೆಲ್ಲೇ, ಜೀವ ತೆಗೆದದ್ದೂ ಸೆಲ್ಲೇ. ಜೇಬಿನ ಸೆಲ್‌ಫೋನಲ್ಲಿ ಲೋಕದ ಹಾಡೆಲ್ಲಾ ಇರುವಾಗ ಒಂದೇ ಹಾಡಿನ ಪೆಟ್ಟಿಗೆ ಯಾರಿಗೆ ಬೇಕು? ಹೊಸದು ಕೇಳೋರಿಲ್ಲ. ಹಳೇದು ಮಾತ್ರ ಬರ್ತಾ ಇದೆ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಾಯಿಸಿಕೊಂಡು, ಕವರಿನಲ್ಲಿ ಸುತ್ತಿಕೊಂಡು — "ಇದು ಹಾಡ್ತಿಲ್ಲ ಸಾರ್, ನೋಡ್ತೀರಾ?" ಕಂಪನಿ ಆಸ್ಪತ್ರೆ ಆಗಿತ್ತು. ಡಾಕ್ಟರು ಅವರೊಬ್ಬರೇ. ಈಗ ಡಾಕ್ಟರೇ ಇಲ್ಲ. ಶೆಲ್ಫ್ ತುಂಬ ಪೇಷಂಟುಗಳು ಹಾಗೇ ಇದ್ದಾರೆ.

ನಿಜ ಹೇಳ್ತೀನಿ. ನನಗೆ ಸುಸ್ತಾಗಿದೆ. ತಮಾಷೆ ಮಾಡಿ ಮಾರೋದಕ್ಕೂ ಶಕ್ತಿ ಬೇಕು, ಅದು ಮುಗಿದಿದೆ. ಈ ತಿಂಗಳ ಕೊನೆಗೆ ಕಂಪನಿ ಮುಚ್ಚುತ್ತೆ, ರಿಪೇರಿಗೆ ಕೊಟ್ಟವರು ಹಾಗೇ ವಾಪಸ್ ತಗೊಂಡುಹೋಗಿ — ಇವತ್ತು ಇಲ್ಲಿ ಇದನ್ನ ಹೇಳಬೇಕು ಅಂತಲೇ ಬಂದಿದ್ದೆ. ರುಕ್ಸಾರ್‌ಗೂ, ಜೊತೆಗೆ ಕೆಲಸ ಮಾಡೋ ಫಹ್ಮಿದಾಗೂ ಹೇಳಿಯಾಗಿತ್ತು. ಇಬ್ಬರೂ ಕೈಲಿದ್ದ ಪೆಟ್ಟಿಗೆ ಒರೆಸ್ತಾ ಇದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು.

ಈಗ ಮೈಕ್ ಹಿಡಿಯೋಕೆ ಮುಂಚೆ ಧನಲಕ್ಷ್ಮಮ್ಮನ ಹತ್ತಿರ ಹೋಗಿ ಕೇಳಿದೆ — "ಅನೌನ್ಸ್ ಮಾಡ್ಲಾ?"

"ಮಾಡಣ್ಣ. ನನಗೂ ಸಾಕಾಗಿದೆ. ಮುಚ್ಚೋಣ" ಅಂದ್ರು. ಆಮೇಲೆ ಪಟದ ಕಡೆ ಕೈ ತೋರಿಸಿದ್ರು. "ಆದ್ರೆ ಶೆಲ್ಫಲ್ಲಿರೋವು ಹಾಡಲಿ. ಹಾಡದೇ ಇರೋದನ್ನ ಅವರು ಯಾರ ಕೈಗೂ ಕೊಟ್ಟಿಲ್ಲ. ಆಮೇಲೆ ಮುಚ್ಚು."

ಆಂಜನಪ್ಪನವರ ಪಕ್ಕ ಕೂತು ರಿಪೇರಿ ನೋಡಿ ಕಲಿತವಳು ರುಕ್ಸಾರ್, ಅವಳ ಕಡೆ ನೋಡಿದೆ. "ಎಷ್ಟು ದಿನ ಆಗುತ್ತಮ್ಮಾ?"

"ಟಿಂಗ್ ಅಂದ್ರೆ ಸಾಕಾ ಸಾರ್, ಪೂರ್ತಿ ಕೇಳ್ಬೇಕಾ?"

"ಪೂರ್ತಿ."

"ಹಂಗಾದ್ರೆ ತಿಂಗಳ ಕೊನೆ ಮರೆತುಬಿಡಿ ಸಾರ್" ಅಂದಳು. ಆಂಜನಪ್ಪನವರು ಹೋದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಆದ್ದರಿಂದ ಅನೌನ್ಸ್‌ಮೆಂಟು ಹೀಗೆ: ಕಂಪನಿ ಮುಚ್ಚುತ್ತೆ. ಇವತ್ತಲ್ಲ, ತಿಂಗಳ ಕೊನೆಗೂ ಅಲ್ಲ. ಕೊನೇ ಪೆಟ್ಟಿಗೆ ಹಾಡಿ ಮುಗಿಸಿದ ಮೇಲೆ. ನಿಮ್ಮದು ಅಲ್ಲಿದ್ರೆ ಬನ್ನಿ, ಸ್ಟೂಲ್ ಇದೆ. ಕಾರು ಮಾತ್ರ ತರಬೇಡಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಆಂಜನಪ್ಪನವರಿಗಾಗಿ ಎರಡು ನಿಮಿಷ ಮೌನ. ಒಂದು ಕೋರಿಕೆ — ಫ್ಯಾನಿನ ಗಾಳಿಗೆ ಹಾರ ಅಲ್ಲಾಡ್ತಾ ಇದೆ. ಮಧ್ಯದಲ್ಲಿ ಬೆಳಕು ಬಿದ್ದು ಪಟ ಹಾಡಿದ್ರೆ ಯಾರೂ ಓಡಬೇಡಿ. ಬಷೀರ್ ಭಾಯ್, ನೀವೂ ಅಷ್ಟೇ, ಕೈ ಕೆಳಗೆ. ಅದು ಹಾಡಿ ಮುಗಿಸಲಿ. ನಾವು ಎರಡು ನಿಮಿಷ ಮತ್ತೆ ಮೊದಲಿಂದ ನಿಲ್ಲೋಣ.