ಪೊರ್ಬುಗಳ ಜೋಡಿ ಇಂಜಿನ್

ದೀಪ ಸ್ವಲ್ಪ ಸಣ್ಣ ಮಾಡಿ, ಹೇಳ್ತೇನೆ. ಇದು ಕತಾರಿನಲ್ಲಿ ನಡೆದದ್ದು, ನಮ್ಮ ಚಿಕ್ಕಪ್ಪನ ಮಗ ದೇಜಪ್ಪನಿಗೆ. ಮರಳುಗಾಡಿನಲ್ಲಿ ಎಂಥ ದೆವ್ವ ಎಂದು ನಗಬೇಡಿ. ಮೊದಲು ನಾನೂ ನಕ್ಕಿದ್ದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ವೆಸ್ಟ್ ಬೇಯಲ್ಲಿ ಆಫೀಸು ಮುಗಿಸಿದ ದೇಜಪ್ಪ ಮದೀನತ್ ಖಲೀಫಾ ಎಂಬ ಬಡಾವಣೆಯ ಒಳದಾರಿಯಲ್ಲಿ ನಡೆದು ಬರುತ್ತಿದ್ದ. ಕತ್ತಲಾಗಿ ಬಹಳ ಹೊತ್ತಾಗಿತ್ತು. ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ವಿಲ್ಲಾಗಳ ಗೋಡೆ ಮುಗಿಯುವಲ್ಲಿ ಒಂದು ಹಳೆ ಬೋರೆಮರ, ಅದರ ಬುಡದಲ್ಲಿ ಮುಚ್ಚಿಹಾಕಿದ ಬಾವಿ. ಅಲ್ಲಿಗೆ ಬಂದಾಗ ಕೇಳಿಸಿತು... ಟಿಕ್-ಟಿಕ್... ಟಿಕ್-ಟಿಕ್...

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಮಾದರಿ ರೈಲಿನ ಚಕ್ರ ಹಳಿಯ ಸಂದು ದಾಟುವ ಸದ್ದು.

ಮರದಾಚೆಯ ವಿಲ್ಲಾದ ಹಿಂಬದಿ ಕೋಣೆಯಲ್ಲಿ ಸೈಮನ್ ಪೊರ್ಬುಗಳ ರೈಲುಮೇಜು ಇತ್ತು. ಪೊರ್ಬು ಅಂದರೆ ನಮ್ಮ ಕಡೆ ಕ್ರಿಸ್ತರನ್ನು ಗೌರವದಿಂದ ಕರೆಯುವುದು. ಆದರೆ ಪೊರ್ಬುಗಳು ತೀರಿಕೊಂಡು ತಿಂಗಳಾಗಿತ್ತು. ರೈಲುಗಳನ್ನು ಪೆಟ್ಟಿಗೆಗೆ ತುಂಬಿ ಕಟ್ಟಿಕೊಡು ಎಂದು ಅವರ ಹೆಂಡತಿ ಬಾಯಮ್ಮ ಕರೆದದ್ದರಿಂದಲೇ ದೇಜಪ್ಪ ಅತ್ತ ಹೊರಟಿದ್ದ. ಹೊರಟಿದ್ದ ನಿಜ, ಕಾಲು ಏಳುತ್ತಿರಲಿಲ್ಲ. ಹೆದರಿಕೆಗಲ್ಲ... ನಾಚಿಕೆಗೆ.

ಯಾಕೆಂದು ಕೇಳಿ. ನಮ್ಮೂರ ಕಡೆಯ ಕುಲಶೇಖರದಿಂದ ಬಂದ ಈ ಪೊರ್ಬುಗಳಿಗೆ ಆ ರೈಲುಗಳೇ ಲೋಕ. ಒಂದೊಂದು ಇಂಜಿನ್ನಿನ ಹೊಟ್ಟೆಯಲ್ಲೂ ಒಂದು ಚಿಪ್. ಕಂಟ್ರೋಲರಿನ ಗುಂಡಿ ಒತ್ತಿ ಅದಕ್ಕೆ ನಡಿಗೆ ಕಲಿಸಬೇಕು. ಹೊರಡುವಾಗ ವೇಗ ಎಷ್ಟು, ನಡುವಿನಲ್ಲಿ ಎಷ್ಟು, ಜೋರೆಂದರೆ ಎಷ್ಟು ಅಂತ. ಮೋಟಾರುಗಳ ಸ್ವಭಾವವೋ, ಒಂದೊಂದರದು ಒಂದೊಂದು. ಎರಡು ಇಂಜಿನ್ ಸೇರಿ ಒಂದು ಗಾಡಿ ಎಳೆಯಬೇಕಾದರೆ ಅವುಗಳ ನಡಿಗೆ ಕೂಡಬೇಕು. ಹಾಗೆ ಕೂಡಿಸಲು ಅವರಿಗೆ ವರ್ಷಗಳೇ ಹಿಡಿದಿದ್ದವು. ಒಂದನ್ನೂ ಬರೆದಿಟ್ಟಿರಲಿಲ್ಲ. "ಎಲ್ಲ ಇಲ್ಲುಂಟು" ಎಂದು ತಲೆ ತಟ್ಟಿಕೊಳ್ಳುತ್ತಿದ್ದರು. ಅವರ ಅಪ್ಪ ಕೊನೆಗಾಲದಲ್ಲಿ ಮನೆಯವರ ಹೆಸರನ್ನೂ ಮರೆತು ಸತ್ತಿದ್ದರು. ಹಾಗಾಗಿ ಆ ತಲೆಯ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು, ಒಳಗೊಳಗೆ ಪುಕುಪುಕುವೂ ಇತ್ತು.

ಅವರದು ಹಳೆ ಕಂಟ್ರೋಲರ್. ವೇಗ ಬದಲಿಸುವಾಗ ಹಳಿಯ ಮೇಲೆ ಯಾವುದೆಲ್ಲ ನಿಂತಿದೆಯೋ ಅದೆಲ್ಲ ಕಲಿತುಬಿಡುತ್ತದೆ, ಹಳೆಯದು ಅಳಿದುಹೋಗುತ್ತದೆ. ಅದಕ್ಕೇ ಬೇಕಾದ್ದೊಂದನ್ನು ಬಿಟ್ಟು ಉಳಿದವನ್ನು ಎತ್ತಿ ಬೈರಾಸಿನ ಮೇಲೆ, ಅಂದರೆ ಮೈ ಒರೆಸುವ ವಸ್ತ್ರದ ಮೇಲೆ, ಮಲಗಿಸಬೇಕು. ಪೊರ್ಬುಗಳು ಇದನ್ನು ಹೇಳಿ ಹೇಳಿ ಸೋತಿದ್ದರು. ಅಲ್ಲಿ ಶುಕ್ರವಾರವೇ ರಜೆ, ಕ್ರಿಸ್ತರ ಪ್ರಾರ್ಥನೆಯೂ ಅಂದೇ, ದೇಜಪ್ಪ ಅವರ ಜತೆ ರೈಲು ಓಡಿಸಲು ಬರುವುದೂ ಅಂದೇ. ಅಂಥ ಒಂದು ಶುಕ್ರವಾರ ಅವರು ಪ್ರಾರ್ಥನೆಗೆ ಹೋದಾಗ, ದೇಜಪ್ಪ ತಾನು ತಂದ ಹೊಸ ಇಂಜಿನ್ನಿಗೆ ವೇಗ ಕೊಟ್ಟ. ಉಳಿದವನ್ನು ಎತ್ತಲಿಲ್ಲ. ಸೋಮಾರಿತನ, ಮತ್ತೇನು!

ಪೊರ್ಬುಗಳು ಬಂದು ಜೋಡಿ ಇಂಜಿನ್ ಓಡಿಸಿದರು. ಒಂದು ಮುಂದಕ್ಕೆ ಜಗ್ಗಿತು, ಇನ್ನೊಂದು ತಡೆಯಿತು. ಕರ್ರ್... ಗಾಡಿ ಮಗುಚಿತು. ಮತ್ತೆ ಇಟ್ಟರೂ ಅದೇ. ಅವರು ಕುರ್ಚಿಯಲ್ಲಿ ಕುಸಿದರು.

"ಆಯ್ತು ದೇಜು... ಅಪ್ಪನ ಕಾಯಿಲೆ ನನಗೂ ಬಂತು."

ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಳೆ ಹೇಳುವ, ನಾಡಿದ್ದು ಹೇಳುವ ಎಂದು ಇವನು ಮುಂದೂಡುತ್ತಿರುವಾಗ ಪೊರ್ಬುಗಳು ಮೇಜಿಗೆ ಬೆಡ್‌ಶೀಟ್ ಹೊದಿಸಿದರು, ಮಾತು ಕಡಿಮೆ ಮಾಡಿದರು. ಒಂದು ಬೆಳಿಗ್ಗೆ ಎದೆನೋವೆಂದವರು ಹೋಗಿಯೇಬಿಟ್ಟರು.

ಈಗ ಬಾಗಿಲು ತೆಗೆದ ಬಾಯಮ್ಮ ಪಿಸುಗುಟ್ಟಿದರು.

"ನಿನಗೂ ಕೇಳ್ತದಾ?"

"ಹೂಂ."

"ಪ್ಲಗ್ ಕಿತ್ತಿಟ್ಟು ತಿಂಗಳಾಯ್ತು ಮಾರಾಯ."

ದೇಜಪ್ಪ ಬೆಡ್‌ಶೀಟ್ ಎತ್ತಿದ. ಜೋಡಿ ಇಂಜಿನ್ ಹೋಗುತ್ತಿತ್ತು... ಇರುವೆ ನಡೆದಷ್ಟು ನಿಧಾನ. ಜಗ್ಗಾಟವಿಲ್ಲ, ತಡೆಯಿಲ್ಲ. ಹಳಿಯ ಮೇಲೆ ಬೇರೊಂದು ಇಂಜಿನ್ ಇರಲಿಲ್ಲ. ಎಲ್ಲವನ್ನೂ ಎತ್ತಿ ಕೆಂಪು ಬೈರಾಸಿನ ಮೇಲೆ ಸಾಲಾಗಿ ಯಾರೋ ಮಲಗಿಸಿದ್ದರು. ದೇಜಪ್ಪ ತಂದದ್ದನ್ನೂ.

ಅಂದರೆ ಪೊರ್ಬುಗಳಿಗೆ ಗೊತ್ತಾಗಿದೆ! ಅವನ ಮುಖ ಕಾದ ಕಾವಲಿಯಾಯಿತು. ಬಾಯಮ್ಮನಿಗೆ ಕೇಳದ ಹಾಗೆ ಮೆಲ್ಲನೆ ಹೇಳಿದ, "ತಪ್ಪು ನನ್ನದು ಪೊರ್ಬುಗಳೇ. ನಿಮ್ಮ ತಲೆ ಸರಿಯೇ ಇತ್ತು."

ಸದ್ದು ನಿಂತಿತು.

"ಎಂತ ಹೇಳಿದ್ದು ನೀನು?" ಬಾಯಮ್ಮ ಕೇಳಿದರು.

"ಎಂತ ಇಲ್ಲ ಬಾಯಮ್ಮ."

ಟಿಕ್-ಟಿಕ್...

ಅವನು ಬಾಯಮ್ಮನ ಮುಂದೆ ನೆಲದಲ್ಲೇ ಕೂತು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದ. ಹೇಳಿ ಮುಗಿಸುವಾಗ ಇಂಜಿನ್ ನಿಂತಿತ್ತು. ಬಾಯಮ್ಮ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ದಿನಾ ರಾತ್ರಿ ಜಪಮಾಲೆ ಹಿಡಿದು ಅಳ್ತಿದ್ರು," ಎಂದರು. "ಹೆಂಡತಿಯ ಹೆಸರೊಂದನ್ನು ಮರೆಸಬೇಡ ದೇವರೇ ಅಂತ."

ದೇಜಪ್ಪ ಇಂಜಿನ್‌ಗಳನ್ನು ಪೆಟ್ಟಿಗೆಗೆ ಹಾಕಿ, ಬೈರಾಸ್ ಮಡಚಿ ಅವರ ಕೈಗೆ ಕೊಟ್ಟ. ಬಾಯಮ್ಮ ಅದರ ಅಂಚಿಗೆ ತಾವೇ ಹಾಕಿದ್ದ ಹೊಲಿಗೆಯನ್ನು ತಡವಿ ನೋಡಿದರು. ಮತ್ತೆ ನೋಡಿದರು.

"ಇದು ಇಲ್ಲಿ ಇರ್ಲಿಕ್ಕೆ ಸಾಧ್ಯ ಇಲ್ಲ ದೇಜು... ಊರಿಗೆ ಕಳಿಸುವಾಗ ಶವಪೆಟ್ಟಿಗೆಯಲ್ಲಿ ಅವರ ತಲೆಯಡಿಗೆ ಮಡಚಿಟ್ಟದ್ದು ಇದನ್ನೇ. ನಾನೇ ಇಟ್ಟದ್ದು."

ಅವರು ಅದನ್ನು ತಮ್ಮಲ್ಲಿ ಇಟ್ಟುಕೊಳ್ಳಲಿಲ್ಲ. ಅವನ ಕೈಗೇ ವಾಪಸು ಕೊಟ್ಟರು.

ನಂಬದವರು ನಂಬಬೇಡಿ. ದೇಜಪ್ಪನ ಮನೆಯಲ್ಲಿ ಅದು ಈಗಲೂ ಉಂಟು, ಯಾರೂ ಅದರಲ್ಲಿ ಮೈ ಒರೆಸುವುದಿಲ್ಲ. ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ. ಅಂಚಿಗೆ ನೀಲಿ ನೂಲಿನ ಹೊಲಿಗೆ.